ಎತ್ತಿಗೆ ಜ್ವರ, ಎಮ್ಮೆಗೆ ಬರೆ

2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಆಸುಪಾಸಿನವರು ಒಬ್ಬರ ಹಿಂದೊಬ್ಬರು ಆಸ್ಪತ್ರೆ ಸೇರತೊಡಗಿದರು. ಎಲ್ಲರದೂ ಹೆಚ್ಚುಕಡಿಮೆ ಒಂದೇ ದೂರು: ಕಾಲು ಜೋಮು ಹಿಡಿದಿದೆ, ಬಲವೇ ಇಲ್ಲ. ಸಾಮಾನ್ಯವಾಗಿ ಒಂದು ಲಕ್ಷ ಜನರಿರುವ ಕಡೆ ವರ್ಷವಿಡೀ ಒಬ್ಬರಿಗೋ ಇಬ್ಬರಿಗೋ ಬರುವ ಕಾಯಿಲೆ ಅದು. ಅಲ್ಲಿ ಕೆಲವೇ ವಾರಗಳಲ್ಲಿ ಶಂಕಿತರ ಸಂಖ್ಯೆ ಇನ್ನೂರು ದಾಟಿತು. ನರರೋಗ ತಜ್ಞರು ರೋಗಿಗಳ ಕಾಲು ಪರೀಕ್ಷಿಸುತ್ತಿದ್ದರೆ, ರಾಷ್ಟ್ರೀಯ ವೈರಾಣು ಸಂಸ್ಥೆಯವರು ಕೇಳಿ ತರಿಸಿಕೊಂಡದ್ದು ಅವರ ಮಲದ ಮಾದರಿ. ಪಾಲಿಕೆಯವರು ಹೋಗಿ ನಿಂತದ್ದು ನಾಂದೇಡ್ ಗಾಂವ್ ಎಂಬಲ್ಲಿನ ದೊಡ್ಡ ಬಾವಿಯ ಮುಂದೆ. (ಇದು ಮರಾಠವಾಡದ ನಾಂದೇಡ್ ಅಲ್ಲ, ಪುಣೆಯ ಮಗ್ಗುಲಲ್ಲೇ ಇರುವ ಹಳ್ಳಿ.)

ಕಾಲು ಸೋತದ್ದಕ್ಕೆ ಬಾವಿಯನ್ನೇಕೆ ಇಣುಕಬೇಕು?

ಆ ಕಾಯಿಲೆಯ ಹೆಸರು ಗೀಯಾನ್–ಬಾರೆ ಸಿಂಡ್ರೋಮ್. ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅದು ಜಿಬಿಎಸ್. ಶುರುವಾಗುವುದು ಬಹುಪಾಲು ಪಾದದಿಂದ. ಬೆರಳ ತುದಿಯಲ್ಲಿ ಇರುವೆ ಹರಿದಂತಾಗುತ್ತದೆ. ಮಾರನೆಯ ದಿನ ಮೆಟ್ಟಿಲು ಹತ್ತುವಾಗ ಕಟಾಂಜನ ಹಿಡಿಯಬೇಕಾಗುತ್ತದೆ. ಅದರಾಚೆಯ ದಿನ ಕುಕ್ಕರುಗಾಲಲ್ಲಿ ಕೂತವರಿಗೆ ಏಳಲಾಗುವುದಿಲ್ಲ. ವೈದ್ಯರು ಮಂಡಿಚಿಪ್ಪಿನ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಕಾಲು ಎಗರಬೇಕು, ಎಗರುವುದಿಲ್ಲ. ನಿಶ್ಶಕ್ತಿ ಹೀಗೇ ಮೇಲೇರುತ್ತ ಕೈಗೆ, ಮುಖಕ್ಕೆ, ಕೆಲವರಲ್ಲಿ ಉಸಿರಾಟದ ಸ್ನಾಯುಗಳಿಗೂ ತಲುಪುತ್ತದೆ. ಆಗ ವೆಂಟಿಲೇಟರ್ ಬೇಕು. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಜಾರ್ಜ್ ಗೀಯಾನ್, ಜ್ಯಾನ್ ಅಲೆಕ್ಸಾಂಡ್ರ್ ಬಾರೆ ಮತ್ತು ಆಂದ್ರೆ ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಹೀಗೆ ಕೈಕಾಲು ಸೋತ ಇಬ್ಬರು ಸೈನಿಕರ ಬೆನ್ನುಹುರಿಯ ದ್ರವ ತೆಗೆದು ನೋಡಿದರು. ಪ್ರೋಟೀನು ಏರಿತ್ತು. ಸೋಂಕಿದ್ದರೆ ಇರಬೇಕಾದ ಬಿಳಿ ರಕ್ತಕಣಗಳು ಮಾತ್ರ ಕಾಣಲಿಲ್ಲ. ಹಾಗಾದರೆ ಅಲ್ಲಿ ಕ್ರಿಮಿಯಿಲ್ಲ, ಹಾನಿಯಿದೆ. ಕ್ರಿಮಿ ಇದ್ದದ್ದು ಬೇರೆಲ್ಲೋ ಎಂಬುದು ಖಚಿತವಾಗಲು ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು. (ಮೂರನೆಯವನಾದ ಸ್ಟ್ರೋಲ್‌ನ ಹೆಸರು ಕಾಯಿಲೆಯಿಂದ ಯಾಕೋ ಉದುರಿಹೋಯಿತು. ಪಾಪ.)

ಜಿಬಿಎಸ್ ಬಂದವರನ್ನು ವಿಚಾರಿಸಿದರೆ, ಮೂವರಲ್ಲಿ ಇಬ್ಬರು ಒಂದೆರಡು ವಾರ ಹಿಂದೆ ಭೇದಿಯೋ ನೆಗಡಿ-ಜ್ವರವೋ ಬಂದು ಹೋಗಿತ್ತೆನ್ನುತ್ತಾರೆ. ಭೇದಿಯ ಹಿಂದೆ ಎಷ್ಟೋ ಸಲ ಇರುವುದು ಕ್ಯಾಂಪೈಲೊಬ್ಯಾಕ್ಟರ್ ಜೆಜುನೈ ಎಂಬ ಸುರುಳಿ ಆಕಾರದ ಬ್ಯಾಕ್ಟೀರಿಯಾ. ಕೋಳಿಯ ಕರುಳಲ್ಲಿ ಅದು ತನ್ನ ಪಾಡಿಗೆ ತಾನಿರುತ್ತದೆ, ಕೋಳಿಗೆ ಅದರಿಂದ ತೊಂದರೆಯಿಲ್ಲ. ಸರಿಯಾಗಿ ಬೇಯದ ಮಾಂಸದ ಮೂಲಕ, ಇಲ್ಲವೇ ಕೊಳಚೆ ಬೆರೆತ ನೀರಿನ ಮೂಲಕ ನಮ್ಮ ಹೊಟ್ಟೆ ಸೇರಿದರೆ ಮೂರ್ನಾಲ್ಕು ದಿನ ಹೊಟ್ಟೆನೋವು, ಭೇದಿ. ಹೆಚ್ಚಿನವರು ಮಜ್ಜಿಗೆ ಅನ್ನ ಉಂಡು, ಓಆರ್‌ಎಸ್ ಕುಡಿದು ಅದನ್ನು ಮರೆತೂಬಿಡುತ್ತಾರೆ. ಪುಣೆಯಲ್ಲಿ ಹಲವು ರೋಗಿಗಳ ಮಲದಲ್ಲಿ ಸಿಕ್ಕಿದ್ದು ಇದೇ ಬ್ಯಾಕ್ಟೀರಿಯಾ, ಕೆಲವರಲ್ಲಿ ನೊರೊವೈರಸ್ ಕೂಡ. ಆ ಭಾಗದಿಂದ ತಂದ ನೀರಿನ ಮಾದರಿಗಳಲ್ಲಿ ಹಲವು ಕುಡಿಯಲು ಯೋಗ್ಯವಲ್ಲವೆಂದು ವರದಿ ಬಂತು.

ಭೇದಿ ನಿಂತ ಮೇಲೆ ಕಾಲು ಯಾಕೆ ಸೋಲಬೇಕು? ಉತ್ತರ ಆ ಬ್ಯಾಕ್ಟೀರಿಯಾದ ಮೈಮೇಲಿದೆ. ಅದರ ಹೊರಪದರದಿಂದ ಸಕ್ಕರೆ ಅಣುಗಳ ಸಣ್ಣ ಸರಪಳಿಗಳು ಚಾಚಿಕೊಂಡಿರುತ್ತವೆ. ಜಪಾನಿನ ನೊಬುಹಿರೊ ಯೂಕಿ ಮತ್ತು ಸಂಗಡಿಗರು 1993ರಲ್ಲಿ ಒಬ್ಬ ರೋಗಿಯಿಂದ ಪಡೆದ ಬ್ಯಾಕ್ಟೀರಿಯಾದಲ್ಲಿ ಈ ಸರಪಳಿಯ ರಚನೆಯನ್ನು ಬಿಡಿಸಿ ನೋಡಿದಾಗ, ಅದರ ತುದಿ ಮನುಷ್ಯನ ನರಗಳ ಮೇಲಿರುವ ಜಿಎಂ1 ಎಂಬ ಅಣುವಿನ ತದ್ರೂಪವಾಗಿತ್ತು. ಕರುಳಿನ ಕ್ರಿಮಿಯ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳಿಗೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಅವು ರಕ್ತದಲ್ಲಿ ಸಾಗಿ ಕಾಲಿನ ನರಗಳಿಗೆ ಹೋಗಿ ಅಂಟುತ್ತವೆ. ಅದರಲ್ಲೂ ನರತಂತುವಿನ ಮೇಲೆ ಅಲ್ಲಲ್ಲಿ ಹೊದಿಕೆಯಿಲ್ಲದೆ ತೆರೆದಿರುವ ರಾನ್ವಿಯೇ ಗಂಟುಗಳೆಂಬ ಜಾಗಗಳಲ್ಲಿ. ಮಿದುಳಿನ ಆಜ್ಞೆ ಕಾಲಿಗೆ ತಲುಪುವುದು ಒಂದು ಗಂಟಿನಿಂದ ಇನ್ನೊಂದಕ್ಕೆ ನೆಗೆಯುತ್ತ. ಪ್ರತಿಕಾಯ ಅಂಟಿದ ಕಡೆ ರಕ್ತದ ಕಾಂಪ್ಲಿಮೆಂಟ್ ಪ್ರೋಟೀನುಗಳು ಬಂದು ಪೊರೆಯಲ್ಲಿ ತೂತು ಕೊರೆಯುತ್ತವೆ, ನೆಗೆತ ನಿಲ್ಲುತ್ತದೆ. ಮುಂದೆ ಯೂಕಿಯವರ ತಂಡ ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ ಆ ಸಕ್ಕರೆ ಅಣುಗಳನ್ನಷ್ಟೇ ಮೊಲಗಳಿಗೆ ಚುಚ್ಚಿದಾಗ ಮೊಲಗಳ ಕಾಲುಗಳೂ ಸೋತುಬಿದ್ದವು. ಜೀವಂತ ಕ್ರಿಮಿ ಬೇಕಾಗಲೇ ಇಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆಟೋಇಮ್ಯೂನ್ ಕಾಯಿಲೆಗಳೆಂದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಾಂಶಗಳ ಮೇಲೆ ತಿರುಗಿಬೀಳುವುದು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಹಾಗೆ ತಿರುಗಿಬೀಳಲು ಒಂದು ನೆಪ ಬೇಕಷ್ಟೆ. ಆ ನೆಪ ಹುಟ್ಟುವ ಜಾಗ ಒಂದು, ನೋವು ಕಾಣಿಸುವ ಜಾಗ ಇನ್ನೊಂದು. ಎರಡರ ನಡುವೆ ವಾರಗಳು, ಕೆಲವೊಮ್ಮೆ ವರ್ಷಗಳು ಕಳೆದಿರುತ್ತವೆ. ಕಾಯಿಲೆ ಬಿದ್ದವರ ಮನೆಯಲ್ಲಿ ಎಲ್ಲರೂ ನಿನ್ನೆ ಏನು ತಿಂದೆ, ಮೊನ್ನೆ ಎಲ್ಲಿ ನೆನೆದೆ ಎಂದು ಕೇಳುತ್ತಾರೆ. ಬಹಳ ಸಲ ಕೇಳಬೇಕಾದ ಪ್ರಶ್ನೆ ಅದಾಗಿರುವುದಿಲ್ಲ.

ಕ್ಯಾಂಪೈಲೊಬ್ಯಾಕ್ಟರ್ ತಗಲಿದವರಿಗೆಲ್ಲ ಜಿಬಿಎಸ್ ಬರುತ್ತದೆಯೇ? ಇಲ್ಲ, ಸುಮಾರು ಸಾವಿರಕ್ಕೆ ಒಬ್ಬರಿಗೆ. ಆ ಬ್ಯಾಕ್ಟೀರಿಯಾದ ಎಲ್ಲ ತಳಿಗಳಿಗೂ ಜಿಎಂ1 ಹೋಲುವ ತುದಿ ಕಟ್ಟುವ ಜೀನುಗಳಿಲ್ಲ. ಇದ್ದರೂ ಎಲ್ಲರ ದೇಹ ಅದರ ವಿರುದ್ಧ ಅಂಥ ಪ್ರತಿಕಾಯ ತಯಾರಿಸುವುದಿಲ್ಲ. ಇದನ್ನು ನೆನಪಿಡಬೇಕು. ಮುಂದೆ ಬರುವ ಪ್ರತಿ ಕಾಯಿಲೆಯಲ್ಲೂ ಪ್ರಚೋದಕವೊಂದೇ ಸಾಲದು ಎಂಬುದನ್ನು ಕಾಣುತ್ತೇವೆ.

ಜಿಬಿಎಸ್‌ನಲ್ಲಿ ಒಂದು ಸಮಾಧಾನವಿದೆ. ಕ್ರಿಮಿ ಹೋದ ಮೇಲೆ ಪ್ರತಿಕಾಯಗಳೂ ನಿಧಾನಕ್ಕೆ ಇಳಿಯುತ್ತವೆ, ನರಗಳು ಚೇತರಿಸಿಕೊಳ್ಳುತ್ತವೆ, ಆರು ತಿಂಗಳಾಗುವಷ್ಟರಲ್ಲಿ ಬಹುತೇಕರು ಯಾರ ಆಸರೆಯೂ ಇಲ್ಲದೆ ನಡೆಯುತ್ತಾರೆ. ಅಲ್ಲಿಯವರೆಗಿನ ಖರ್ಚಿನದು ಬೇರೆಯೇ ಕಥೆ. ಸಾವಿರಾರು ರಕ್ತದಾನಿಗಳ ಪ್ಲಾಸ್ಮಾದಿಂದ ತೆಗೆದ ಇಮ್ಯುನೊಗ್ಲಾಬ್ಯುಲಿನ್ ಅನ್ನು ಐದು ದಿನ ರಕ್ತನಾಳಕ್ಕೆ ಕೊಡುತ್ತಾರೆ. ದೇಹತೂಕದ ಒಂದು ಕಿಲೋಗೆ ಒಟ್ಟು 2 ಗ್ರಾಂ ಲೆಕ್ಕ. ಅರವತ್ತು ಕಿಲೋ ತೂಗುವವರಿಗೆ 5 ಗ್ರಾಮಿನ ಇಪ್ಪತ್ನಾಲ್ಕು ಬಾಟಲಿ ಬೇಕು, ಒಂದೊಂದಕ್ಕೂ ಸಾವಿರಾರು ರೂಪಾಯಿ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನ ದರ ನಿಮಗೆ ಗೊತ್ತೇ ಇದೆ.

ಗಂಟಲಿನ ಕಥೆ ಇಷ್ಟು ಬೇಗ ಮುಗಿಯುವುದಿಲ್ಲ.

ಐದರಿಂದ ಹದಿನೈದರ ವಯಸ್ಸಿನ ಮಗುವಿಗೆ ಗಂಟಲುನೋವು ಬರುತ್ತದೆ. ಉಪ್ಪುನೀರು ಮುಕ್ಕಳಿಸಿ, ಅರಿಶಿನದ ಹಾಲು ಕುಡಿಸಿ ಎರಡು ದಿನ ಶಾಲೆ ತಪ್ಪಿಸಿದರೆ ಅದು ವಾಸಿಯಾಗುತ್ತದೆ. ಎರಡು ಮೂರು ವಾರದ ಮೇಲೆ ಮಂಡಿ ಊದುತ್ತದೆ, ನಾಳೆ ಅದು ಇಳಿದು ಮೊಣಕೈ ಊದುತ್ತದೆ, ಆಮೇಲೆ ಹಿಮ್ಮಡಿಯ ಗಂಟು. ಇದು ರುಮ್ಯಾಟಿಕ್ ಜ್ವರ. ಈ ಕೀಲುಬಾವು ಯಾವ ಕುರುಹೂ ಉಳಿಸದೆ ಹೋಗುತ್ತದೆ, ಮನೆಯವರಿಗೂ ನಿರಾಳ. ಅಷ್ಟರಲ್ಲಿ ಅದು ಹೃದಯದ ಕವಾಟಗಳನ್ನು ಮುಟ್ಟಿರಬಹುದು. ಈ ಜ್ವರ ಕೀಲನ್ನು ನೆಕ್ಕಿ ಹೃದಯವನ್ನು ಕಚ್ಚುತ್ತದೆ ಎಂಬ ಮಾತು ವೈದ್ಯರ ನಡುವೆ ಹತ್ತೊಂಬತ್ತನೆಯ ಶತಮಾನದಿಂದಲೂ ಓಡಾಡುತ್ತಿದೆ.

ಗಂಟಲಿನಲ್ಲಿದ್ದದ್ದು ಗ್ರೂಪ್ ಎ ಸ್ಟ್ರೆಪ್ಟೊಕಾಕಸ್. ಅದರ ಹೊರಮೈಯ ಎಂ ಪ್ರೋಟೀನಿನ ಕೆಲವು ಭಾಗಗಳು ಹೃದಯದ ಸ್ನಾಯುವಿನ ಮಯೋಸಿನ್ ಪ್ರೋಟೀನನ್ನು ಹೋಲುತ್ತವೆ, ಅದರ ಸಕ್ಕರೆಯ ಪದರ ಕವಾಟದ ಮೇಲ್ಮೈಯನ್ನು. ಮಿದುಳಿನ ಕೆಲವು ಭಾಗಗಳನ್ನೂ ಈ ಪ್ರತಿಕಾಯಗಳು ಬಿಡುವುದಿಲ್ಲ. ಕೆಲವು ಮಕ್ಕಳಿಗೆ ತಿಂಗಳಾನುಗಟ್ಟಲೆ ಕೈಕಾಲು ತಾನಾಗಿ ಕುಣಿಯತೊಡಗುತ್ತದೆ, ಕೈಯಲ್ಲಿದ್ದ ಲೋಟ ಬೀಳುತ್ತದೆ, ಅಕ್ಷರ ಕೆಡುತ್ತದೆ. ಬೇಕೆಂದೇ ತುಂಟತನ ಮಾಡುತ್ತಿದೆಯೆಂದು ಮಗುವಿಗೆ ಏಟು ಬೀಳುವುದೂ ಉಂಟು.

1949ರಲ್ಲಿ ಅಮೆರಿಕದ ವಯೋಮಿಂಗಿನ ಫೋರ್ಟ್ ವಾರೆನ್ ಸೇನಾ ಶಿಬಿರದಲ್ಲಿ ಬ್ಯಾರಕ್ ತುಂಬ ಹುಡುಗರು ಒತ್ತೊತ್ತಾಗಿ ಮಲಗುತ್ತಿದ್ದರು, ಗಂಟಲುನೋವು ಒಬ್ಬರಿಂದೊಬ್ಬರಿಗೆ ಹರಡುತ್ತಿತ್ತು. ಅಲ್ಲಿನ ವೈದ್ಯರು ಗಂಟಲುನೋವಿನವರನ್ನು ಸುಮಾರು ಎಂಟೆಂಟುನೂರು ಜನರ ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಪೆನಿಸಿಲಿನ್ ಪಡೆದವರಲ್ಲಿ ರುಮ್ಯಾಟಿಕ್ ಜ್ವರ ಬಂದದ್ದು ಇಬ್ಬರಿಗೆ, ಪಡೆಯದವರಲ್ಲಿ ಹದಿನೇಳು ಮಂದಿಗೆ. ಈ ಔಷಧ ಹೃದಯಕ್ಕೆ ಏನೂ ಮಾಡುವುದಿಲ್ಲ, ಗಂಟಲನ್ನು ಸ್ವಚ್ಛ ಮಾಡುತ್ತದೆ ಅಷ್ಟೇ. ನೋವು ಶುರುವಾಗಿ ಒಂಬತ್ತು ದಿನವಾಗಿದ್ದರೂ ಕೊಟ್ಟರೆ ಉಪಯೋಗವಾಗುತ್ತದೆ. ದೇಹಕ್ಕೆ ತಪ್ಪು ಪಾಠ ಮನದಟ್ಟಾಗಲು ಅಷ್ಟು ಸಮಯ ಬೇಕು.

ಜಿಬಿಎಸ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇದು ಮರಳಿ ಮರಳಿ ಬರುತ್ತದೆ. ಒಮ್ಮೆ ಪಾಠ ಕಲಿತ ದೇಹ ಮುಂದಿನ ಪ್ರತಿ ಸ್ಟ್ರೆಪ್ಟೊಕಾಕಸ್ ಸೋಂಕಿಗೂ ಅದನ್ನೇ ಒಪ್ಪಿಸುತ್ತದೆ, ಕವಾಟ ಪ್ರತಿ ಸಲವೂ ಇನ್ನಷ್ಟು ದಪ್ಪಗಾಗುತ್ತದೆ, ಅಂಚುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅದಕ್ಕೇ ಒಮ್ಮೆ ಈ ಜ್ವರ ಬಂದವರಿಗೆ ಮೂರು ವಾರಕ್ಕೊಂದರಂತೆ ಬೆಂಜಥೀನ್ ಪೆನಿಸಿಲಿನ್ ಸೂಜಿ. ಜನ ಅದನ್ನು ಕರೆಯುವುದು ಪೆನಿಡ್ಯೂರ್ ಎಂದು. ಹಾಲಿನಂತಿರುವ ಗಟ್ಟಿ ಮದ್ದು, ದಪ್ಪ ಸೂಜಿಯಲ್ಲಿ ನಿಧಾನವಾಗಿ ಪಿರ್ರೆಯ ಸ್ನಾಯುವಿಗೆ ಇಳಿಯಬೇಕು. ಅಂದು ಮಗು ಕುಂಟುತ್ತದೆ. ವರ್ಷಕ್ಕೆ ಹದಿನೇಳು ಸಲ, ಇಪ್ಪತ್ತೊಂದು ವಯಸ್ಸು ದಾಟುವವರೆಗೆ, ಕವಾಟ ಕೆಟ್ಟಿದ್ದರೆ ನಲವತ್ತರವರೆಗೆ. ಮೈಯಲ್ಲಿ ಯಾವ ನೋವೂ ಇಲ್ಲದ ಹುಡುಗಿಯನ್ನು ಹಳ್ಳಿಯಿಂದ ಬಸ್ ಹತ್ತಿಸಿ ಇದಕ್ಕಾಗಿ ಕರೆತರುವ ತಾಯಿಯ ತಾಳ್ಮೆಯ ಮೇಲೆ ಇಡೀ ಚಿಕಿತ್ಸೆ ನಿಂತಿದೆ. ಎಲ್ಲೋ ಎರಡು ಸೂಜಿ ತಪ್ಪುತ್ತದೆ, ಆಮೇಲೆ ಮರೆತೇ ಹೋಗುತ್ತದೆ. ಹತ್ತು ವರ್ಷದ ಮೇಲೆ ಅದೇ ಹುಡುಗಿ ಬಸುರಿಯಾದಾಗ, ರಕ್ತದ ಪ್ರಮಾಣ ಏರಿ, ಕಿರಿದಾದ ಕವಾಟ ತಾಳಲಾರದೆ ಉಸಿರು ಕಟ್ಟುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮ ಹೃದಯದಲ್ಲಿ ತೊಂದರೆಯಿದೆ ಎಂದು ತಿಳಿಯುವುದೇ ಆಗ. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಬಲೂನು ಹಾಕಿ ಕವಾಟ ಅಗಲಿಸಿಕೊಂಡವರಲ್ಲಿ ಅಂಥವರು ಎಷ್ಟೋ ಮಂದಿ.

ಗಮನಿಸಬೇಕಾದದ್ದು ಇನ್ನೊಂದಿದೆ. ಶ್ರೀಮಂತ ದೇಶಗಳಲ್ಲಿ ರುಮ್ಯಾಟಿಕ್ ಜ್ವರ ಇಳಿಯತೊಡಗಿದ್ದು ಪೆನಿಸಿಲಿನ್ ಬರುವುದಕ್ಕೂ ಮೊದಲೇ. ಒಂದು ಕೋಣೆಯಲ್ಲಿ ಆರು ಜನ ಮಲಗುವುದು ತಪ್ಪಿದ ಕಡೆಯೆಲ್ಲ ಅದು ಇಳಿಯಿತು. ಪರಿಸರದ ಪ್ರಚೋದಕ ಎಂದಾಗ ನಾವು ಪ್ಲಾಸ್ಟಿಕ್, ಕೀಟನಾಶಕ, ಮೊಬೈಲ್ ಟವರ್ ಎಂದೆಲ್ಲ ಯೋಚಿಸುತ್ತೇವೆ. ಮಲಗುವ ಕೋಣೆಯ ಉದ್ದಗಲವೂ ಪರಿಸರವೇ.

ಕ್ರಿಮಿಯೇ ಇಲ್ಲದೆಯೂ ಇಂಥ ಎಡವಟ್ಟು ನಡೆಯಬಹುದು. ಅದಕ್ಕೆ ಶ್ವಾಸಕೋಶಕ್ಕೆ ಹೋಗೋಣ. ರುಮಟಾಯ್ಡ್ ಆರ್ಥ್ರೈಟಿಸ್ ಕೈಬೆರಳಿನ ಸಣ್ಣ ಕೀಲುಗಳಿಂದ ಶುರುವಾಗುವ ವಾತರೋಗ. ಬೆಳಗ್ಗೆ ಎದ್ದಾಗ ಮುಷ್ಟಿ ಕಟ್ಟಲಾಗುವುದಿಲ್ಲ, ನಲ್ಲಿ ತಿರುಗಿಸಲಾಗುವುದಿಲ್ಲ, ಒಂದೆರಡು ಗಂಟೆ ಕಳೆದರೆ ತುಸು ಸಡಿಲ. ಈ ರೋಗಿಗಳಲ್ಲಿ ಬಹುಪಾಲು ಜನರ ರಕ್ತದಲ್ಲಿ ಸಿಟ್ರುಲಿನ್ ಇರುವ ಪ್ರೋಟೀನುಗಳ ವಿರುದ್ಧ ಪ್ರತಿಕಾಯ ಇರುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಆಂಟಿ-ಸಿಸಿಪಿ ಎಂದು ಬರೆದಿರುವುದು ಅದೇ. ಆರ್ಜಿನಿನ್ ಎಂಬ ಅಮೈನೊ ಆಮ್ಲವನ್ನು ನಮ್ಮದೇ ಕಿಣ್ವಗಳು ಸಿಟ್ರುಲಿನ್ ಆಗಿ ಬದಲಿಸುವುದು ದೇಹದಲ್ಲಿ ಸಾಮಾನ್ಯ. ಉರಿಯೂತವಿದ್ದ ಕಡೆ ಅದು ಹೆಚ್ಚು. ಸಿಗರೇಟಿನ ಹೊಗೆ ತಗಲಿದ ಶ್ವಾಸಕೋಶದಲ್ಲೂ ಹೆಚ್ಚು. ಸ್ವೀಡನ್ನಿನ ಲಾರ್ಸ್ ಕ್ಲಾರೆಸ್ಕೋಗ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು: ಧೂಮಪಾನ ಮಾಡದ, ಅಪಾಯದ ಎಚ್‌ಎಲ್‌ಎ ಜೀನ್ ಇಲ್ಲದವರಿಗೆ ಹೋಲಿಸಿದರೆ, ತಂದೆತಾಯಿ ಇಬ್ಬರಿಂದಲೂ ಆ ಜೀನ್ ಪಡೆದು ಧೂಮಪಾನವನ್ನೂ ಮಾಡುವವರಲ್ಲಿ ಈ ಬಗೆಯ ಸಂಧಿವಾತದ ಅಪಾಯ ಇಪ್ಪತ್ತೊಂದು ಪಟ್ಟು. ಆ ಜೀನಿನ ಕೆಲಸ ಪ್ರೋಟೀನಿನ ತುಣುಕುಗಳನ್ನು ಹಿಡಿದು ರೋಗನಿರೋಧಕ ಕೋಶಗಳಿಗೆ ತೋರಿಸುವುದು. ಅದಕ್ಕೆ ಸಿಟ್ರುಲಿನ್ ಇರುವ ತುಣುಕು ಚೆನ್ನಾಗಿ ಕೈಗೆ ಹತ್ತುತ್ತದೆ.

ಸ್ವೀಡನ್, ನೆದರ್‌ಲೆಂಡ್ಸ್‌ಗಳಲ್ಲಿ ಹಿಂದೆಂದೋ ರಕ್ತ ಕೊಟ್ಟು ಆಮೇಲೆ ಈ ಕಾಯಿಲೆಗೆ ತುತ್ತಾದವರ, ಫ್ರೀಜರಿನಲ್ಲಿಟ್ಟಿದ್ದ ಹಳೆಯ ರಕ್ತವನ್ನು ತೆಗೆದು ನೋಡಿದ್ದಾರೆ. ಹಲವರಲ್ಲಿ ಮೊದಲ ಕೀಲು ನೋಯುವುದಕ್ಕೆ ವರ್ಷಗಳ ಮೊದಲೇ, ಕೆಲವರಲ್ಲಿ ಹತ್ತು ವರ್ಷಕ್ಕೂ ಮೊದಲೇ, ಪ್ರತಿಕಾಯ ಅದರಲ್ಲಿತ್ತು. ಕಾಯಿಲೆ ಬಂದ ವರ್ಷದ ಒತ್ತಡ, ಆ ವರ್ಷದ ಮಳೆ, ಆ ವರ್ಷ ಬದಲಿಸಿದ ಅಡುಗೆ ಎಣ್ಣೆ, ಇವುಗಳ ಮೇಲೆ ಗೂಬೆ ಕೂರಿಸುವ ಮುನ್ನ ಇದನ್ನು ನೆನೆಯಬೇಕು.

ನಮ್ಮಲ್ಲಿ ಈ ರೋಗ ಬಂದ ಹೆಂಗಸರಲ್ಲಿ ಸಿಗರೇಟು ಮುಟ್ಟಿದವರು ಅಪರೂಪ. ಶ್ವಾಸಕೋಶಕ್ಕೆ ಹೋಗುವುದು ಸಿಗರೇಟಿನ ಹೊಗೆಯೊಂದೇ ಅಲ್ಲ, ನಿಜ. ಕಲ್ಲಿನ ಧೂಳು ಇನ್ನೊಂದು. 1914ರಲ್ಲಿ ಬ್ರಾಮ್‌ವೆಲ್ ಎಂಬ ವೈದ್ಯ ಎಡಿನ್‌ಬರೋದಲ್ಲಿ ಚರ್ಮ ಗಡುಸಾಗಿ ಬಿಗಿಯುವ ಸ್ಕ್ಲೀರೋಡರ್ಮಾ ರೋಗಿಗಳಲ್ಲಿ ಕಲ್ಲುಕುಟಿಗರೇ ಹೆಚ್ಚಿದ್ದುದನ್ನು ಬರೆದಿಟ್ಟ. 1953ರಲ್ಲಿ ಕ್ಯಾಪ್ಲನ್ ಎಂಬ ವೈದ್ಯ ಸೌತ್ ವೇಲ್ಸಿನ ಕಲ್ಲಿದ್ದಲು ಗಣಿಕಾರ್ಮಿಕರ ಎಕ್ಸ್‌ರೇಗಳಲ್ಲಿ, ಸಂಧಿವಾತ ಇದ್ದವರ ಶ್ವಾಸಕೋಶದಲ್ಲಿ ಬೇರೆಯೇ ಬಗೆಯ ದುಂಡನೆಯ ಗಂಟುಗಳನ್ನು ಕಂಡ. 1957ರಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಂದ ಸ್ಕ್ಲೀರೋಡರ್ಮಾದ ವರದಿ ಬಂತು. ಸಿಲಿಕಾ ಕಣಗಳನ್ನು ನುಂಗಿದ ಶ್ವಾಸಕೋಶದ ಕೋಶಗಳಿಗೆ ಅದನ್ನು ಅರಗಿಸಲಾಗದು. ಅವು ಸತ್ತು ಒಡೆದು ಒಳಗಿನದನ್ನೆಲ್ಲ ಹೊರಚೆಲ್ಲುತ್ತವೆ, ಸುತ್ತ ಸದಾ ಉರಿಯೂತ. ಇಳಕಲ್ಲಿನ ಗ್ರಾನೈಟ್ ಕ್ವಾರಿ, ಊರೂರಿನ ಕ್ರಷರ್, ಈಗ ಪ್ರತಿ ಬಡಾವಣೆಯಲ್ಲೂ ಟೈಲ್ಸ್ ಕೊಯ್ಯುವ ಮಿಷನ್ನಿನ ಬಿಳಿ ಹೊಗೆ, ಇವೆಲ್ಲ ಸಿಲಿಕಾವೇ. ಬೆರಳು ಬಿಗಿದುಕೊಂಡು ಬಂದ ಗಂಡಸನ್ನು ಏನು ಕೆಲಸ ಮಾಡುತ್ತೀಯಪ್ಪ ಎಂದು ಕೇಳುವುದು ಎಲ್ಲ ಪರೀಕ್ಷೆಗಳಿಗಿಂತ ಅಗ್ಗ, ಆದರೆ ಚೀಟಿಯಲ್ಲಿ ಆ ಕಾಲಮ್ಮು ಬಹುಪಾಲು ಖಾಲಿ.

ಹೆಂಗಸರ ವಿಷಯಕ್ಕೆ ಮರಳೋಣ. ಆಟೋಇಮ್ಯೂನ್ ರೋಗಿಗಳಲ್ಲಿ ಐವರಲ್ಲಿ ನಾಲ್ವರು ಹೆಂಗಸರು, ಲೂಪಸ್ ಎಂಬ ಇಂಥದೇ ಕಾಯಿಲೆಯಲ್ಲಿ ಹತ್ತರಲ್ಲಿ ಒಂಬತ್ತು. ಹಾರ್ಮೋನು, ಹೆರಿಗೆ, ಎಲ್ಲದರ ಮೇಲೂ ಅನುಮಾನವಿತ್ತು, ಈಗಲೂ ಇದೆ. 2024ರಲ್ಲಿ ಸ್ಟ್ಯಾನ್‌ಫರ್ಡಿನ ಹವರ್ಡ್ ಚಾಂಗ್ ತಂಡ ಇನ್ನೊಂದು ಕಾರಣ ಮುಂದಿಟ್ಟಿತು. ಹೆಣ್ಣಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್ ವರ್ಣತಂತುಗಳಿದ್ದು, ಒಂದನ್ನು ಮೌನವಾಗಿಡಲು ಎಕ್ಸಿಸ್ಟ್ ಎಂಬ ಆರ್‌ಎನ್‌ಎ ಅದನ್ನು ಹೊದ್ದುಕೊಂಡಿರುತ್ತದೆ. ಆ ಆರ್‌ಎನ್‌ಎಗೆ ಹತ್ತಾರು ಪ್ರೋಟೀನುಗಳು ಅಂಟಿರುತ್ತವೆ. ಕೋಶ ಸತ್ತಾಗ ಈ ಗೊಂಚಲು ಹೊರಬೀಳುತ್ತದೆ, ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುತ್ತದೆ. ಗಂಡು ಇಲಿಗಳಲ್ಲಿ ಈ ಆರ್‌ಎನ್‌ಎ ತಯಾರಾಗುವಂತೆ ಮಾಡಿ, ಲೂಪಸ್ ಕೆರಳಿಸುವ ರಾಸಾಯನಿಕ ಕೊಟ್ಟಾಗ, ರೋಗಕ್ಕೆ ಒಲಿಯುವ ತಳಿಯ ಗಂಡುಗಳಿಗೂ ಹೆಣ್ಣಿನ ಹಾಗೆಯೇ ಕಾಯಿಲೆ ಬಂತು. ರಾಸಾಯನಿಕ ಕೊಡದಿದ್ದರೆ ಬರಲಿಲ್ಲ, ತಳಿ ಬೇರೆಯಾದರೂ ಬರಲಿಲ್ಲ. ಅಲ್ಲೂ ಅದೇ ಲೆಕ್ಕ: ಹುಟ್ಟಿನಿಂದ ಬಂದದ್ದಕ್ಕೆ ಹೊರಗಿನದೊಂದು ಜೊತೆಗೂಡಬೇಕು.

ಸಮಯದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಪ್‌ಸ್ಟೀನ್–ಬಾರ್ ವೈರಸ್ ಭೂಮಿಯ ಮೇಲಿನ ಹೆಚ್ಚುಕಡಿಮೆ ಎಲ್ಲ ವಯಸ್ಕರ ಮೈಯಲ್ಲೂ ಇದೆ. ಅಮೆರಿಕದ ಸೇನೆಯ ಒಂದು ಕೋಟಿ ಯುವಜನರ ರಕ್ತದ ದಾಖಲೆ ಹಿಡಿದು 2022ರಲ್ಲಿ ಪ್ರಕಟವಾದ ಅಧ್ಯಯನ, ಈ ವೈರಸ್ ಹೊಸದಾಗಿ ತಗಲಿದವರಲ್ಲಿ ಮಲ್ಟಿಪಲ್ ಸ್ಕ್ಲೀರೋಸಿಸ್ (ಎಂಎಸ್) ಎಂಬ ನರರೋಗದ ಅಪಾಯ ಮೂವತ್ತೆರಡು ಪಟ್ಟು ಏರುವುದನ್ನು ತೋರಿಸಿತು. ನಮ್ಮ ಮಕ್ಕಳಿಗೆ ಈ ವೈರಸ್ ತೊಟ್ಟಿಲಲ್ಲಿದ್ದಾಗಲೋ ಅಂಗನವಾಡಿಯಲ್ಲೋ ತಗಲಿ ಸದ್ದಿಲ್ಲದೆ ಉಳಿದುಬಿಡುತ್ತದೆ. ಅಮೆರಿಕದಂಥ ಕಡೆ ಅನೇಕರಿಗೆ ಹದಿಹರೆಯದಲ್ಲಿ ತಗಲಿ ವಾರಗಟ್ಟಲೆ ಮಲಗಿಸುತ್ತದೆ. ಹದಿಹರೆಯದಲ್ಲಿ ಹಾಗೆ ಮಲಗಿದವರಲ್ಲೇ ಎಂಎಸ್ ಹೆಚ್ಚು. ಫಿನ್‌ಲೆಂಡ್ ಮತ್ತು ಗಡಿಯಾಚೆಯ ರಷ್ಯಾದ ಕರೇಲಿಯದ ಕಥೆಯೂ ಇದರ ನೆಂಟನೇ. ಎರಡೂ ಕಡೆಯ ಜನರ ಜೀನುಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೂ ಮಕ್ಕಳ ಟೈಪ್ 1 ಮಧುಮೇಹ ಫಿನ್‌ಲೆಂಡಿನಲ್ಲಿ ಸುಮಾರು ಆರು ಪಟ್ಟು ಹೆಚ್ಚಿತ್ತು. ಚಿಕ್ಕಂದಿನಲ್ಲಿ ಕರುಳಿಗೆ ಪರಿಚಯವಾಗುವ ಬ್ಯಾಕ್ಟೀರಿಯಾಗಳು ಎರಡೂ ಕಡೆ ಬೇರೆಬೇರೆ ಎಂದು ಸಂಶೋಧಕರು ಕಂಡಿದ್ದಾರೆ. ಹಾಗೆಂದು ಮಕ್ಕಳಿಗೆ ಕೈತೊಳೆಯುವುದು ಬೇಡವೆಂದು ಹೇಳಲು ಹೊರಟರೆ, ಪುಣೆಯ ಬಾವಿಯನ್ನು ಮತ್ತೊಮ್ಮೆ ನೆನಪಿಸಬೇಕಾಗುತ್ತದೆ.

ಲಸಿಕೆಯ ಪ್ರಶ್ನೆ ಯಾರಾದರೂ ಎತ್ತಿಯೇ ಎತ್ತುತ್ತಾರೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 2009ರ ಎಚ್1ಎನ್1 ಜ್ವರಕ್ಕೆ ಯುರೋಪಿನಲ್ಲಿ ಕೊಟ್ಟ ಪ್ಯಾಂಡೆಮ್ರಿಕ್ಸ್ ಎಂಬ ಲಸಿಕೆಯ ನಂತರ ಫಿನ್‌ಲೆಂಡ್, ಸ್ವೀಡನ್‌ಗಳಲ್ಲಿ ಕೆಲವು ಮಕ್ಕಳಿಗೆ ನಾರ್ಕೊಲೆಪ್ಸಿ ಬಂತು. ಹಗಲು ಮಾತಾಡುತ್ತಿರುವಾಗಲೇ ನಿದ್ದೆಗೆ ಜಾರುವ ಕಾಯಿಲೆ. ಫಿನ್‌ಲೆಂಡಿನಲ್ಲಿ ಲಸಿಕೆ ಪಡೆದ 4ರಿಂದ 19 ವಯಸ್ಸಿನವರಲ್ಲಿ ಸುಮಾರು 16 ಸಾವಿರಕ್ಕೆ ಒಬ್ಬರಂತೆ. ಬಂದವರೆಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಎಚ್‌ಎಲ್‌ಎ ಜೀನ್. ಆ ಲಸಿಕೆ ಈಗ ಬಳಕೆಯಲ್ಲಿಲ್ಲ. ಅದೇ ಹೊತ್ತಿಗೆ ಬೀಜಿಂಗ್‌ನಲ್ಲಿ ಲಸಿಕೆ ಪಡೆಯದವರಲ್ಲೂ, ಆ ಜ್ವರದ ಅಲೆ ಇಳಿದ ಕೆಲವು ತಿಂಗಳಲ್ಲಿ ನಾರ್ಕೊಲೆಪ್ಸಿ ಏರಿತ್ತು. ಇದರ ಪಕ್ಕದಲ್ಲೇ ಕೊರೊನಾ ನಂತರ ಅಂಗಡಿ ತುಂಬಿರುವ ‘ಇಮ್ಯೂನಿಟಿ ಬೂಸ್ಟರ್’ ಪುಡಿಗಳನ್ನು ನೆನೆದರೆ ನಗು ಬರುತ್ತದೆ. ಅವು ನಿಜಕ್ಕೂ ಡಬ್ಬಿಯ ಮೇಲೆ ಬರೆದಂತೆ ಕೆಲಸ ಮಾಡಿದ್ದರೆ ಲೂಪಸ್ ರೋಗಿಗಳ ಗತಿ ಏನಾಗುತ್ತಿತ್ತೋ!

ಪ್ರಚೋದಕವನ್ನು ಬೆರಳಿಟ್ಟು ತೋರಿಸಬಹುದಾದ, ತೆಗೆದರೆ ಕಾಯಿಲೆಯೇ ಹಿಂದೆ ಸರಿಯುವ ಆಟೋಇಮ್ಯೂನ್ ಕಾಯಿಲೆ ಒಂದಿದೆ. ಅದರ ಪ್ರಚೋದಕ ಗೋಧಿ.

ಸೀಲಿಯಾಕ್ ಕಾಯಿಲೆಯ ಮಕ್ಕಳು ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿ, ತಿಂದದ್ದು ಮೈಗೆ ಹತ್ತದೆ ಸೊರಗುತ್ತಿದ್ದರು. ಹೇಗ್ ನಗರದ ಮಕ್ಕಳ ವೈದ್ಯ ವಿಲೆಮ್ ಕರೆಲ್ ಡಿಕೆಗೆ 1930ರ ದಶಕದಲ್ಲೇ ಬ್ರೆಡ್ ಮೇಲೆ ಗುಮಾನಿ ಇತ್ತು. 1944–45ರ ಚಳಿಗಾಲದಲ್ಲಿ ಜರ್ಮನ್ನರ ದಿಗ್ಬಂಧನದಿಂದ ನೆದರ್‌ಲೆಂಡ್ಸಿನಲ್ಲಿ ಕ್ಷಾಮ ಬಿದ್ದು, ಜನ ಟ್ಯೂಲಿಪ್ ಗಡ್ಡೆ ಬೇಯಿಸಿ ತಿಂದರು. ಊರಿಗೆ ಊರೇ ಬಡಕಲಾಗುತ್ತಿದ್ದಾಗ ಈ ಮಕ್ಕಳು ಮಾತ್ರ ಚೇತರಿಸಿಕೊಂಡರು, ಬ್ರೆಡ್ ಮರಳಿದಾಗ ಮತ್ತೆ ಸೊರಗಿದರು. 1950ರಲ್ಲಿ ಡಿಕೆ ತನ್ನ ಪ್ರಬಂಧದಲ್ಲಿ ಗೋಧಿಯೇ ಕಾರಣವೆಂದು ಪ್ರಯೋಗಗಳ ಸಮೇತ ಬರೆದ. ಗೋಧಿಯ ಗ್ಲುಟೆನ್ ನಮ್ಮ ಹೊಟ್ಟೆಯಲ್ಲಿ ಪೂರ್ತಿ ಜೀರ್ಣವಾಗುವುದಿಲ್ಲ. ಉಳಿದ ತುಣುಕುಗಳನ್ನು ಕರುಳಿನ ಗೋಡೆಯ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ತುಸು ಬದಲಿಸುತ್ತದೆ. ಸಿಗರೇಟಿನ ಶ್ವಾಸಕೋಶದಲ್ಲಿ ಕಂಡದ್ದೇ ಇಲ್ಲೂ: ಬದಲಾದ ತುಣುಕು ಡಿಕ್ಯೂ2, ಡಿಕ್ಯೂ8 ಎಂಬ ಎಚ್‌ಎಲ್‌ಎ ಅಣುಗಳಿಗೆ ಭದ್ರವಾಗಿ ಕೂರುತ್ತದೆ. ಪ್ರತಿಕಾಯ ಹುಟ್ಟುವುದು ಗೋಧಿಯ ವಿರುದ್ಧವಷ್ಟೇ ಅಲ್ಲ, ನಮ್ಮದೇ ಆ ಕಿಣ್ವದ ವಿರುದ್ಧವೂ. ಕರುಳಿನ ಒಳಗೋಡೆಯ ನಯವಾದ ಬೆರಳುಗಳಂಥ ಚಾಚಿಕೆಗಳು ಸವೆದು ನೆಲ ಸಮವಾಗುತ್ತದೆ, ಕಬ್ಬಿಣ, ಕ್ಯಾಲ್ಸಿಯಂ ಹೀರುವ ಜಾಗವೇ ಇಲ್ಲವಾಗುತ್ತದೆ.

ಭಾರತದಲ್ಲಿ ಇದರ ನಕ್ಷೆ ಬಿಡಿಸಿದರೆ ಸ್ವಾರಸ್ಯವಿದೆ. ಉತ್ತರ, ಈಶಾನ್ಯ ಮತ್ತು ದಕ್ಷಿಣದಲ್ಲಿ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉತ್ತರದವರಲ್ಲಿ ಸುಮಾರು ನೂರಕ್ಕೊಬ್ಬರಿಗೆ ಸೀಲಿಯಾಕ್ ಇತ್ತು. ದಕ್ಷಿಣದ ಪ್ರತಿನಿಧಿ ನಮ್ಮ ಪಕ್ಕದ ವೆಲ್ಲೂರು. ಅಲ್ಲಿ ಸಾವಿರಕ್ಕೊಬ್ಬರು. ಅಪಾಯದ ಜೀನ್ ಮಾತ್ರ ಎರಡೂ ಕಡೆ ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಜನರಲ್ಲಿತ್ತು. ತಟ್ಟೆಯಲ್ಲಿದ್ದದ್ದು ಬೇರೆ: ಉತ್ತರದಲ್ಲಿ ತಲೆಗೆ ದಿನಕ್ಕೆ ನಾನೂರು ಗ್ರಾಂ ಮೀರಿ ಗೋಧಿ, ದಕ್ಷಿಣದಲ್ಲಿ 25 ಗ್ರಾಂ.

ಅಂದರೆ ಮುದ್ದೆ, ಅನ್ನ, ಜೋಳದ ರೊಟ್ಟಿ ಉಣ್ಣುವ ನಮ್ಮಲ್ಲೂ ಬಹುಶಃ ಆ ಜೀನ್ ಕಡಿಮೆಯೇನಿಲ್ಲ, ಇಷ್ಟು ದಿನ ಅದಕ್ಕೆ ಕೆಲಸವಿರಲಿಲ್ಲ. ಈಗ ರಾತ್ರಿಯೂಟಕ್ಕೆ ಚಪಾತಿ ಎಂಬುದು ಮೈಸೂರಿನಿಂದ ರಾಯಚೂರಿನವರೆಗೆ ಮನೆಮನೆಯ ಮಾತು. ಸಕ್ಕರೆ ಕಾಯಿಲೆಯವರಿಗೆ ಅನ್ನ ಬಿಟ್ಟು ಚಪಾತಿ ತಿನ್ನಿ ಎಂದು ಹೇಳುವುದಂತೂ ರೂಢಿಯೇ ಆಗಿದೆ. ಬೆಳಗ್ಗೆ ರವೆ ಉಪ್ಪಿಟ್ಟು, ಮಧ್ಯಾಹ್ನ ಬನ್ನು, ಸಂಜೆ ಬಿಸ್ಕತ್ತು ಎಲ್ಲವೂ ಗೋಧಿಯೇ. ಇದರಿಂದ ಎಲ್ಲರೂ ಗೋಧಿ ಬಿಡಬೇಕಿಲ್ಲ. ಜೀನ್ ಇದ್ದು ದಿನವೂ ಗೋಧಿ ತಿನ್ನುವವರಲ್ಲೂ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ, ‘ಗ್ಲುಟೆನ್ ಫ್ರೀ’ ಎಂದು ಮೂರು ಪಟ್ಟು ಬೆಲೆಗೆ ಮಾರುವ ಪೊಟ್ಟಣದಿಂದ ಅವರಿಗೆ ಲಾಭವೂ ಇಲ್ಲ. ಆದರೆ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದ ಹುಡುಗಿ, ಓರಗೆಯವರಷ್ಟು ಎತ್ತರ ಬೆಳೆಯದ ಹುಡುಗ, ಕಾರಣವಿಲ್ಲದೆ ಹೊಟ್ಟೆ ಉಬ್ಬರಿಸುವವರು ಬಂದಾಗ ಉತ್ತರದ ವೈದ್ಯರು ಕೂಡಲೇ ಬರೆಯುವ ಟಿಟಿಜಿ (ಅಂದರೆ ಆ ಟ್ರಾನ್ಸ್‌ಗ್ಲುಟಮಿನೇಸ್) ಪ್ರತಿಕಾಯದ ರಕ್ತಪರೀಕ್ಷೆ ನಮ್ಮ ಕಡೆ ಇನ್ನೂ ತಡವಾಗಿ ನೆನಪಾಗುತ್ತದೆ. ಆ ಪರೀಕ್ಷೆಗೆ ಹೋಗುವವರು ಮಾತ್ರ ಮೊದಲೇ ತಾವಾಗಿ ಚಪಾತಿ ಬಿಟ್ಟಿರಬಾರದು. ಪ್ರಚೋದಕ ಹೊಟ್ಟೆಯಲ್ಲಿ ಇಲ್ಲದಿದ್ದರೆ ಪ್ರತಿಕಾಯವೂ ಇಳಿಯುತ್ತದೆ, ಕಾಯಿಲೆ ಇರುವವರ ವರದಿಯೂ ಏನಿಲ್ಲವೆಂದು ಬರುತ್ತದೆ.